ಗುರುವಾರದ ಚೀಟಿ

ಕರುಳಿನ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತುವುದು ನಮ್ಮಲ್ಲಿ ಸಭ್ಯತೆಯಲ್ಲ. ಕಣ್ಣಿನ ಪೊರೆ, ಮಂಡಿ ನೋವು, ಸಕ್ಕರೆ ಕಾಯಿಲೆ ಇವುಗಳಿಗೆ ಮದುವೆ ಮನೆಯ ಪಂಕ್ತಿಯಲ್ಲಿಯೂ ಸ್ಥಾನವುಂಟು. ಮಲದಲ್ಲಿ ರಕ್ತ ಕಂಡಿತು ಎಂದರೆ ಪಕ್ಕದ ಎಲೆಯವರು ಮುಖ ತಿರುಗಿಸಿಯಾರು. ಆದ್ದರಿಂದ ವಾಚಕರ ಕ್ಷಮೆ ಬೇಡಿಯೇ ಪ್ರಾರಂಭಿಸುತ್ತೇನೆ.

ಕಳೆದ ಆಷಾಢದಲ್ಲಿ ನನಗೆ ಹಾಗೆ ರಕ್ತ ಕಂಡಿತು. ನೋವಿರಲಿಲ್ಲ. ವೈದ್ಯರು ನನ್ನ ವಯಸ್ಸನ್ನು ಕೇಳಿದರು. ಅರುವತ್ತು ದಾಟಿದೆ ಎಂದೆ. ಹೆಚ್ಚು ಮಾತನಾಡದೆ, ದೊಡ್ಡ ಕರುಳಿನೊಳಕ್ಕೆ ನಳಿಗೆ ಬಿಟ್ಟು ನೋಡುವ ಕೊಲೊನೊಸ್ಕೊಪಿ ಎಂಬ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ದಿನ ಸಿಕ್ಕಿದ್ದು ಮೂರು ವಾರಗಳ ತರುವಾಯದ ಗುರುವಾರ. ಅಷ್ಟರಲ್ಲಿ ಊರಿನಿಂದ ಬಂದ ನನ್ನಾಕೆಯ ಅಕ್ಕ, 'ಇದು ಮೂಲವ್ಯಾಧಿಯಲ್ಲದೆ ಮತ್ತೇನು?' ಎಂದು ತೀರ್ಪು ಕೊಟ್ಟು, ಸುವರ್ಣಗೆಡ್ಡೆಯ ಪಲ್ಯ ಮಾಡಿ ಬಡಿಸಿದರು. ನಾಲ್ಕನೆಯ ದಿನಕ್ಕೆ ರಕ್ತ ನಿಂತಿತು. ಸಂಸ್ಕೃತದಲ್ಲಿ ಆ ಗೆಡ್ಡೆಗೆ ಅರ್ಶೋಘ್ನ, ಎಂದರೆ ಮೂಲವ್ಯಾಧಿಯನ್ನು ಕೊಲ್ಲುವುದು, ಎಂಬ ಹೆಸರೇ ಇದೆ. ಮನೆಯಲ್ಲಿ ಗೆಡ್ಡೆಗೆ ಜಯಕಾರವಾಯಿತು. ಇನ್ನು ಆ ಚೀಟಿಯ ಗತಿ?

ಇತಿಹಾಸದ ಮೇಷ್ಟ್ರಾಗಿ ಆಯುಷ್ಯ ಸವೆಸಿದವನು ನಾನು. ಇಕ್ಕಟ್ಟು ಬಂದರೆ ಪುಸ್ತಕ ತೆರೆಯುವುದು ಚಾಳಿ. ನಿಜ ಹೇಳುವುದಾದರೆ, ಹೋಗದಿರುವುದಕ್ಕೊಂದು ಆಧಾರ ಸಿಕ್ಕೀತೆಂದೇ ಓದಲು ಕುಳಿತೆ.

ಸುಶ್ರುತ ಸಂಹಿತೆಯಲ್ಲಿ ಅರ್ಶೋಯಂತ್ರವೆಂಬ ಉಪಕರಣದ ವರ್ಣನೆಯಿದೆ. ಹಸುವಿನ ಮೊಲೆಯ ಆಕಾರ, ನಾಲ್ಕಂಗುಲ ಉದ್ದ. ಗುದದ್ವಾರವನ್ನು ಅಗಲಿಸಿ ಒಳಗಿನ ಮೊಳಕೆಗಳನ್ನು ಕಣ್ಣಾರೆ ನೋಡುವ ಸಾಧನ. ಅಂಥ ಪ್ರಾಚೀನ ಕಾಲದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ದೊಡ್ಡ ಕರುಳಿನ ಉದ್ದ ಸುಮಾರು ಐದು ಅಡಿ. ನಾಲ್ಕಂಗುಲದ ಆಚೆಗಿನದೆಲ್ಲ ಕತ್ತಲೆ. ಕಂಡಷ್ಟು ಭಾಗದಲ್ಲಿ ಮೂಲವ್ಯಾಧಿ ಕಂಡಿತು. ಕಾಣದ ಭಾಗದಿಂದ ಬಂದ ರಕ್ತಕ್ಕೂ ಜನರ ಬಾಯಲ್ಲಿ ಅದೇ ಹೆಸರು ನಿಂತಿತು. ನನ್ನ ಅತ್ತಿಗೆಯವರ ತೀರ್ಪಿನ ವಂಶಾವಳಿ ಇದೇ ಇರಬೇಕು.

ಪಶ್ಚಿಮದಲ್ಲಿಯೂ ಬಹುಕಾಲ ಇದೇ ಕತೆ. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ನ್ಯೂಆರ್ಕಿನಲ್ಲಿದ್ದ ಜಾನ್ ಆರ್ಡರ್ನ್ ಎಂಬ ಶಸ್ತ್ರವೈದ್ಯ, ಗುದನಾಳದಲ್ಲಿ ಬೆಳೆಯುವ ಗಟ್ಟಿ ಗಂಟೊಂದನ್ನು ವರ್ಣಿಸಿದ್ದಾನೆ. ನೋವು ಅಷ್ಟಾಗಿ ಇರುವುದಿಲ್ಲ. ತಿಳಿಯದ ವೈದ್ಯರು ಇದನ್ನು ಆಮಶಂಕೆಯೆಂದು ಭ್ರಮಿಸುತ್ತಾರೆ. ಬೆರಳಿಟ್ಟು ನೋಡಿದವನಿಗೆ ಮಾತ್ರ ಕಲ್ಲಿನಂಥ ಗಂಟು ಸಿಕ್ಕುತ್ತದೆ. ಅದರಿಂದ ಗುಣವಾದವರನ್ನು ತಾನು ಕಂಡಿಲ್ಲವೆಂದೂ ಆತ ಮರೆಮಾಚದೆ ಬರೆದಿದ್ದಾನೆ. ನೋವಿಲ್ಲವೆಂದು ಹಿಗ್ಗುತ್ತಿದ್ದ ನನಗೆ ಆ ಪುಟ ರುಚಿಸಲಿಲ್ಲ.

ಆ ಕತ್ತಲೆಗೆ ಬೆಳಕು ಒಯ್ಯಲು 1806ರಲ್ಲಿ ಜರ್ಮನಿಯ ಬೊಟ್ಸೀನಿ ಎಂಬ ವೈದ್ಯ ಮೇಣದ ಬತ್ತಿ, ಕನ್ನಡಿ, ಕೊಳವೆಗಳ ಯಂತ್ರವೊಂದನ್ನು ಪ್ರಕಟಿಸಿದ. ಆದರೆ ಕೊಳವೆ ನೇರ, ಕರುಳು ವಕ್ರ. ಆ ವಕ್ರತೆಯನ್ನು ಗೆದ್ದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆಂಬುದು ನನಗೆ ತಿಳಿದಿರಲಿಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸರೊಡನೆ ಕೆಲಸ ಮಾಡಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಒಯ್ಯಬಹುದೆಂದು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಬೆಳಕು ನೇರವಾಗಿಯೇ ಹೋಗುತ್ತದೆಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ ಮಾತು ತಮ್ಮನ್ನು ಕೆಣಕಿತೆಂದು ಅವರು ಹೇಳಿಕೊಂಡದ್ದುಂಟು. ನನ್ನ ಯಾವ ಮಾತು ಯಾವ ಹುಡುಗನನ್ನಾದರೂ ಹಾಗೆ ಕೆಣಕಿದ್ದುಂಟೋ ಇಲ್ಲವೋ! 1957ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಬ್ಯಾಸಿಲ್ ಹಿರ್ಶೊವಿಟ್ಸ್ ಅಂಥ ಎಳೆಗಳ ನಳಿಗೆಯನ್ನು ಮೊದಲು ತಾವೇ ನುಂಗಿ ನೋಡಿದರು, ಆಮೇಲೆ ರೋಗಿಯ ಹೊಟ್ಟೆಯೊಳಕ್ಕೆ ಬಿಟ್ಟರು. ಈಗಿನ ನಳಿಗೆಯ ತುದಿಯಲ್ಲಿ ಪುಟ್ಟ ಕ್ಯಾಮರಾವೇ ಇರುತ್ತದಂತೆ.

ಇಷ್ಟೆಲ್ಲ ಸರಿ. ರಕ್ತ ಬರುತ್ತಿರುವವನಿಗೆ ಇವೆಲ್ಲ ಬೇಕು, ನಿಂತುಹೋದವನಿಗೇಕೆ? ನನ್ನ ಮೊಕದ್ದಮೆ ನಿಂತಿದ್ದದ್ದು ಈ ಒಂದೇ ಕಾಲಿನ ಮೇಲೆ. ಅದನ್ನು ಮುರಿದದ್ದು ಒಂದು ಕಾಗದದ ಪಟ್ಟಿ.

ಗ್ವಾಯಕಮ್ ಎಂಬ ಮರದ ಅಂಟು ರಕ್ತವಿದ್ದಲ್ಲಿ ನೀಲಿಯಾಗುತ್ತದೆಂಬುದನ್ನು 1864ರಲ್ಲಿಯೇ ಹಾಲೆಂಡಿನ ವಾನ್ ಡೀನ್ ಬಳಸಿಕೊಂಡಿದ್ದ. ಬರ್ಲಿನ್ನಿನ ಇಸ್ಮಾರ್ ಬೋವಾಸ್ 1901ರ ಸುಮಾರಿಗೆ ಕಣ್ಣಿಗೆ ಕಾಣದ 'ಗುಪ್ತ ರಕ್ತ'ವನ್ನು ಮಲದಲ್ಲಿ ಹುಡುಕತೊಡಗಿದ. 1967ರಲ್ಲಿ ಅಮೆರಿಕದ ಒಹಾಯೊ ಪ್ರಾಂತದ ಡೇವಿಡ್ ಗ್ರೀಗರ್ ಎಂಬ ವೈದ್ಯರು, ಈ ಅಂಟು ಸವರಿದ ಕಾಗದವನ್ನು ರೋಗಿಗಳ ಮನೆಗೇ ಕೊಟ್ಟು ಕಳುಹಿಸಿದ್ದನ್ನು ವರದಿ ಮಾಡಿದರು. ಮಾದರಿ ತೆಗೆಯಬೇಕಾದದ್ದು ಒಂದು ದಿನವಲ್ಲ, ಮೂರು ದಿನ. ಏಕೆಂದರೆ ಕರುಳಿನೊಳಗಿನ ಗಂಟು ದಿನವೂ ರಕ್ತ ಸುರಿಸುವುದಿಲ್ಲ. ಇಂದು ಬರುತ್ತದೆ, ನಾಳೆ ನಿಲ್ಲುತ್ತದೆ, ವಾರಗಟ್ಟಲೆ ಸುಮ್ಮನಿದ್ದು ಮತ್ತೆ ಒಸರುತ್ತದೆ. ಗಂಟು ಅಲ್ಲೇ ಇರುತ್ತದೆ. ರಕ್ತ ನಿಲ್ಲುವುದು ರೋಗದ ಸ್ವಭಾವದಲ್ಲಿಯೇ ಸೇರಿರುವುದಾದರೆ, ನಿಂತದ್ದನ್ನು ನಾನು ಯಾವ ಬಾಯಿಂದ ಸಾಕ್ಷಿಗೆ ಕರೆಯಲಿ?

ಈ ಭ್ರಮೆಯ ಹಾದಿಯಲ್ಲಿ ನನ್ನಂಥ ಬಡ ಮೇಷ್ಟ್ರು ಮಾತ್ರ ನಡೆದದ್ದಲ್ಲ. 1985ರ ಮಾರ್ಚಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ನರ ಮಲದಲ್ಲಿ ರಕ್ತದ ಸುಳಿವು ಸಿಕ್ಕಿತು. ಒಂದು ಸಣ್ಣ ಮಾಂಸದ ಮೊಳಕೆಯೂ ಕಂಡಿತು. ಪಥ್ಯದಲ್ಲಿಟ್ಟು ಮತ್ತೆ ನೋಡಿದಾಗ ರಕ್ತವಿರಲಿಲ್ಲ. ಅವಸರವೇನು ಎಂದಾಯಿತು. ಜುಲೈ 12ರಂದು ಬೆಥೆಸ್ಡಾದ ನೌಕಾ ಆಸ್ಪತ್ರೆಯಲ್ಲಿ ಆ ಸಣ್ಣದನ್ನು ತೆಗೆಯಲು ಹೋದವರು ನಳಿಗೆಯನ್ನು ಕೊನೆಯವರೆಗೂ ಒಯ್ದರು. ಕರುಳಿನ ತುತ್ತತುದಿಯಲ್ಲಿ ಸುಮಾರು ಐದು ಸೆಂಟಿಮೀಟರಿನ ಗಂಟು ಕೂತಿತ್ತು! ಮಾರನೆಯ ದಿನ ಸುಮಾರು ಎರಡು ಅಡಿ ಕರುಳನ್ನು ಕತ್ತರಿಸಿ ತೆಗೆದರು. ಆ ಹೊತ್ತಿನಲ್ಲಿ ಎಂಟು ತಾಸು ಅಧಿಕಾರವನ್ನು ಉಪಾಧ್ಯಕ್ಷ ಬುಷ್ ಅವರಿಗೆ ವಹಿಸಿದ್ದರು. ಗಂಟು ಕ್ಯಾನ್ಸರೆಂದು ಗೊತ್ತಾಯಿತು. ಆದರೆ ಹೊರಕ್ಕೆ ಹಬ್ಬಿರಲಿಲ್ಲ. ಆಗ 74 ವರ್ಷದವರಾಗಿದ್ದ ರೇಗನ್ 2004ರವರೆಗೆ, ತಮ್ಮ 93ನೆಯ ವಯಸ್ಸಿನವರೆಗೆ, ಬದುಕಿದರು.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ನನ್ನಂತೆ ರಕ್ತ ಕಂಡವರಲ್ಲಿ ಬಹುಮಂದಿಗೆ ಇರುವುದು ಮೂಲವ್ಯಾಧಿಯೋ ಬಿರುಕೋ ಅಷ್ಟೆ. ಅತ್ತಿಗೆಯವರ ತೀರ್ಪೇ ಸರಿಯಿರಬಹುದು. ಆದರೆ ಮೂಲವ್ಯಾಧಿಯಿದ್ದವನಿಗೆ ಮೇಲೆ ಗಂಟು ಇರಬಾರದೆಂಬ ನಿಯಮವಿಲ್ಲವಲ್ಲ! ಈ ಗಂಟುಗಳು ಮೊದಲು ನಿರಪಾಯದ ಮೊಳಕೆಗಳಾಗಿದ್ದು, ಸಾಮಾನ್ಯವಾಗಿ ಅನೇಕ ವರ್ಷಗಳ ಮೇಲೆ ಕೆಡುತ್ತವೆ ಎಂಬುದನ್ನು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಲಾಕ್‌ಹಾರ್ಟ್-ಮಮ್ಮರಿ ಮತ್ತು ಡ್ಯೂಕ್ಸ್ 1920ರ ದಶಕದಲ್ಲಿಯೇ ಹೇಳಿದ್ದರು. 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಎಂಬ ವೈದ್ಯರು ಹೊಟ್ಟೆ ಕೊಯ್ಯದೆ, ನಳಿಗೆಯೊಳಗಿನಿಂದಲೇ ತಂತಿಯ ಕುಣಿಕೆ ಹಾಕಿ ಮೊಳಕೆಯನ್ನು ಕಿತ್ತರು. ಅಂದಿನಿಂದ ಆ ಪರೀಕ್ಷೆ ರೋಗವನ್ನು ನೋಡಿ ಬರುವ ಕೆಲಸವಾಗಿ ಮಾತ್ರ ಉಳಿಯಲಿಲ್ಲ; ರೋಗವಾಗುವ ಮುಂಚೆಯೇ ಕಿತ್ತುಹಾಕುವ ಕೆಲಸವೂ ಆಯಿತು. ನಳಿಗೆಯಿಂದ ಕರುಳಿಗೆ ಗಾಯವಾಗುವ ಅಪಾಯವುಂಟು, ಬಹಳ ಅಪರೂಪಕ್ಕೆ. ನನ್ನನ್ನು ತಡೆದಿದ್ದದ್ದು ಅದಲ್ಲ. ನಾಚಿಕೆ, ಮತ್ತು ಏನಾದರೂ ಕಂಡುಬಿಟ್ಟೀತೆಂಬ ಅಂಜಿಕೆ.

ಕೊನೆಗೆ ವೈದ್ಯರಿಗೆ ಫೋನು ಮಾಡಿ, ರಕ್ತ ನಿಂತು ಹನ್ನೆರಡು ದಿನವಾಯಿತೆಂದು ತಿಳಿಸಿದೆ. 'ಬರೆದುಕೊಳ್ಳುತ್ತೇನೆ. ಗುರುವಾರ ಬನ್ನಿ' ಎಂದರು.

ಇಂದು ಬುಧವಾರ. ಪರೀಕ್ಷೆಗೆ ಮುಂಚೆ ಸೊಪ್ಪು, ತರಕಾರಿ, ಗೆಡ್ಡೆ ಎಲ್ಲ ವರ್ಜ್ಯವಂತೆ. ಬೆಳಗ್ಗೆ ನನ್ನಾಕೆ ತಿಳಿಗಂಜಿ ಕೊಟ್ಟಳು. ಈಗ ಪುಡಿಯನ್ನು ಎರಡು ಲೀಟರು ನೀರಿಗೆ ಕಲಸಿ, ಕಾಲು ಗಂಟೆಗೊಂದು ಲೋಟದಂತೆ ಗಡಿಯಾರ ನೋಡಿಕೊಂಡು ಕುಡಿಸುತ್ತಿದ್ದಾಳೆ. ಉಪ್ಪುಪ್ಪಾದ ನಿಂಬೆ ಪಾನಕದ ಹಾಗಿದೆ. 'ಏನೂಂದ್ರೆ, ಮುಖ ಕಿವಿಚಬೇಡಿ, ಇನ್ನು ಐದೇ ಲೋಟ' ಎನ್ನುತ್ತಾಳೆ. ಅತ್ತಿಗೆಯವರು ಬಿಟ್ಟುಹೋದ ಅರ್ಧ ಸುವರ್ಣಗೆಡ್ಡೆ ಅಡಿಗೆಮನೆಯ ಮೂಲೆಯಲ್ಲಿ ಕೂತಿದೆ.