ಸತಿ ಸುಲೋಚನದಿಂದ ನಮ್ಮ ಎಕ್ಸ್‌ಪೋರ್ಟ್ ಬಟನ್‌ವರೆಗೆ

1/5
ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬೆಂಗಳೂರಲ್ಲಿ ಬಿಡುಗಡೆ ಆಗಿದ್ದು 1934ರ ಮಾರ್ಚ್ 3ರಂದು. ನಿರ್ದೇಶನ ವೈ.ವಿ. ರಾವ್. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು. ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ಇಷ್ಟೆಲ್ಲ ಗೊತ್ತು, ಆದ್ರೆ ಸಿನಿಮಾ ನೋಡೋಕಾಗಲ್ಲ. ಒಂದು ಪ್ರಿಂಟೂ ಉಳಿದಿಲ್ಲ.

2/5
ಆ ಕಾಲದ ರೀಲು ನೈಟ್ರೇಟ್ ಫಿಲಂ. ಬೇಗ ಹಾಳಾಗುತ್ತೆ, ಬೆಂಕಿ ತಗುಲಿದರೆ ಆರಿಸೋದು ಕಷ್ಟ. ಓಟ ಮುಗಿದ ಪ್ರಿಂಟುಗಳನ್ನ ಅದರಲ್ಲಿರೋ ಬೆಳ್ಳಿಗೋಸ್ಕರ ಕರಗಿಸಿದ್ದೂ ನಮ್ಮ ದೇಶದಲ್ಲಿ ಉಂಟು. ಸಿನಿಮಾ ಕಾಪಾಡೋಕೆ ಅಂತಲೇ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದು 1964ರಲ್ಲಿ. ಅಷ್ಟೊತ್ತಿಗೆ ನಮ್ಮ ಮೊದಲ ಟಾಕಿಗೆ 30 ವರ್ಷ.

3/5
ಆಮೇಲೆ ಮನೆಮನೆಗೆ ವಿಸಿಡಿ ಬಂತು. ಒಂದು ಸಿನಿಮಾಗೆ 2-3 ಡಿಸ್ಕ್, ನೆನಪಿದೆಯಾ? ನಮ್ಮ ಕಡೆ ವಿಸಿಡಿಯ ಚಿತ್ರ ಬರೀ 352 × 288 ಪಿಕ್ಸೆಲ್. ಇವತ್ತಿನ 4ಕೆ ಅಂದ್ರೆ 3840 × 2160. ನಾನು ಬಿಕಾಂ, ಲೆಕ್ಕ ಹಾಕೇ ಹೇಳ್ತೀನಿ: ಹತ್ತಿರ ಹತ್ತಿರ 82 ಪಟ್ಟು! ಆ ವಿಸಿಡಿಯನ್ನ ಈಗ 4ಕೆಗೆ ಎಕ್ಸ್‌ಪೋರ್ಟ್ ಮಾಡಿದ್ರೆ ಫೈಲ್ ದಪ್ಪ ಆಗುತ್ತೆ ಅಷ್ಟೆ. ಹೋದ ವಿವರ ವಾಪಸ್ ಬರಲ್ಲ.

4/5
ಈಗ ‘ಘಟಶ್ರಾದ್ಧ’ ನೋಡಿ. ಗಿರೀಶ್ ಕಾಸರವಳ್ಳಿಯವರ 1977ರ ಕಪ್ಪು-ಬಿಳುಪು ಸಿನಿಮಾ, ಸ್ವರ್ಣಕಮಲ ಗೆದ್ದದ್ದು. ಇದರ ಮೂಲ ನೆಗೆಟಿವ್ ಪುಣೆಯ ಸಂಗ್ರಹದಲ್ಲಿ ಉಳಿದಿತ್ತು. ಅದನ್ನ ಸ್ಕ್ಯಾನ್ ಮಾಡಿ, ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಸರಿಪಡಿಸಿದ್ರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸದಾಗಿ ತೆರೆಗೆ ಬಂತು. ಮೂಲ ಇತ್ತು, ಅದಕ್ಕೇ ಸಿನಿಮಾ ಬದುಕ್ತು.

5/5
ನಮ್ಮ ಫೋನು, ಲ್ಯಾಪ್‌ಟಾಪಲ್ಲೂ ಇದೇ ಕಥೆ. 2003ರಲ್ಲಿ ಬಂದ ಎಚ್.264 ಸಾಮಾನ್ಯವಾಗಿ ಒಂದು ಫ್ರೇಮ್ ಪೂರ್ತಿ ಇಟ್ಕೊಂಡು, ಮುಂದಿನವುಗಳಲ್ಲಿ ಬದಲಾದದ್ದನ್ನ ಮಾತ್ರ ಬರ್ಕೊಳ್ಳುತ್ತೆ. ಫೈಲ್ ಚಿಕ್ಕದು, ಕಳಿಸೋಕೆ ಸುಲಭ. ಆದ್ರೆ ಅದನ್ನೇ ಮತ್ತೆ ಮತ್ತೆ ಎಕ್ಸ್‌ಪೋರ್ಟ್ ಮಾಡಿದ್ರೆ ಪ್ರತಿಸಲ ಸ್ವಲ್ಪ ಕಳ್ಕೊಳ್ತೀವಿ. 2007ರಲ್ಲಿ ಆಪಲ್ ತಂದ ಪ್ರೋರೆಸ್‌ನಲ್ಲಿ ಪ್ರತಿ ಫ್ರೇಮೂ ಬೇರೆ ಬೇರೆ. ಎಡಿಟಿಂಗ್ ಸಲೀಸು, ಜಾಗ ಮಾತ್ರ ಜಾಸ್ತಿ: 422 ಎಚ್‌ಕ್ಯು, 1080ಪಿ, 25 ಫ್ರೇಮ್ ಆದ್ರೆ ನಿಮಿಷಕ್ಕೆ ಸುಮಾರು 1.4 ಜಿಬಿ.

ಹಂಗಾಗಿ ಎಡಿಟ್ ಮುಗಿದ ಮೇಲೆ ಮೊದಲು ಒಂದು ಮಾಸ್ಟರ್ ತೆಗೀರಿ. ರೀಲ್ಸು, ವಾಟ್ಸಾಪ್ ಕಾಪಿ ಎಲ್ಲಾ ಆ ಮಾಸ್ಟರಿಂದಲೇ ಆಗ್ಲಿ. ಕ್ಯಾಮೆರಾದ ಮೂಲ ಫೈಲ್ ಅಳಿಸಬೇಡಿ, ಎರಡು ಹಾರ್ಡ್‌ಡಿಸ್ಕಲ್ಲಿ ಇಡಿ. ಶಿವಗಂಗೆ ಜಾತ್ರೆ, ದಾಬಸ್‌ಪೇಟೆ ಛತ್ರದ ಮದುವೆ, ಅಜ್ಜಿ ಹೇಳೋ ಸೋಬಾನೆ ಪದ, ಇವಕ್ಕೆ ಪುಣೆಯಲ್ಲಿ ಸಂಗ್ರಹ ಇಲ್ಲ. ನಾವೇ ಇಟ್ಕೋಬೇಕು.

ನಿಮ್ಮನೇಲಿ ಇನ್ನೂ ಹಳೇ ಮದುವೆ ಕ್ಯಾಸೆಟ್ ಇದೆಯಾ? ಯಾವ ವರ್ಷದ್ದು? ಕಾಮೆಂಟಲ್ಲಿ ಹೇಳಿ 👇

#ಕನ್ನಡಸಿನಿಮಾ #ಇತಿಹಾಸ #ವಿಡಿಯೋಎಡಿಟಿಂಗ್ #ದಾಬಸ್‌ಪೇಟೆ