ಸಂಯುಕ್ತ ಅರಬ್ ಎಮಿರೇಟ್ಸ್: ಸರ್ಕಾರ ಮತ್ತು ಆರ್ಥಿಕತೆ

ಸಂಯುಕ್ತ ಅರಬ್ ಎಮಿರೇಟ್ಸ್ (ಯುಎಇ) ಏಳು ಎಮಿರೇಟುಗಳ ಒಕ್ಕೂಟ, ರಾಜಧಾನಿ ಅಬುಧಾಬಿ. ಬ್ರಿಟಿಷರು ಕೊಲ್ಲಿಯಿಂದ ಕಾಲ್ತೆಗೆದಾಗ, 1971ರ ಡಿಸೆಂಬರ್ 2ರಂದು ಆರು ಎಮಿರೇಟುಗಳು ಒಂದಾದವು. ರಾಸ್ ಅಲ್ ಖೈಮಾ ಮರುವರ್ಷ ಫೆಬ್ರುವರಿಯಲ್ಲಿ ಸೇರಿತು.

ತೈಲ ಸಿಗುವ ಮೊದಲು ಈ ಕರಾವಳಿಯನ್ನು ಸಾಕಿದ್ದು ಮುತ್ತು. ಮುಳುಗುಗಾರರು ಸಮುದ್ರದಿಂದ ತೆಗೆದ ಮುತ್ತುಗಳಲ್ಲಿ ಬಹಳಷ್ಟು ಮುಂಬಯಿ ವರ್ತಕರ ಕೈಸೇರುತ್ತಿದ್ದವು. ಜಪಾನಿನ ಕೃತಕ ಕೃಷಿಯ ಮುತ್ತು ಮತ್ತು 1930ರ ದಶಕದ ಜಾಗತಿಕ ಆರ್ಥಿಕ ಕುಸಿತ ಸೇರಿ ಆ ಕಸುಬನ್ನು ನೆಲಕಚ್ಚಿಸಿದವು. ಒಂದೇ ಮಾಲನ್ನು ನಂಬಿದ ಊರಿಗೆ ಬೀಳುವ ಇಂಥ ಪೆಟ್ಟು ಶಿಡ್ಲಘಟ್ಟಕ್ಕೂ ಹೊಸದಲ್ಲ: 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೇಷ್ಮೆ ಬೆಳೆಗಾರರು ಕಂಗಾಲಾದರು.

ಮುತ್ತಿನ ಆ ಕಾಲದಲ್ಲಿ ಕೊಲ್ಲಿಯಲ್ಲಿ ಚಲಾವಣೆಯಲ್ಲಿದ್ದುದು ನಮ್ಮದೇ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಮುದ್ರಿಸಿತು. ಕ್ರಮಸಂಖ್ಯೆಯ ಮುಂದೆ ‘ಝಡ್’ ಅಕ್ಷರವಿರುತ್ತಿತ್ತು. 1966ರ ಅಪಮೌಲ್ಯದ ನಂತರ ಆ ನೋಟುಗಳು ಅಲ್ಲಿಂದ ಮರೆಯಾದವು. ಸ್ವಂತ ನಾಣ್ಯ ದಿರ್ಹಮ್ ಬಂದದ್ದು 1973ರಲ್ಲಿ.

1958ರಲ್ಲಿ ಅಬುಧಾಬಿಯಲ್ಲಿ ತೈಲ ಪತ್ತೆಯಾಯಿತು, 1962ರಲ್ಲಿ ರಫ್ತು ಆರಂಭವಾಯಿತು. ದೇಶದ ತೈಲ ನಿಕ್ಷೇಪದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಅಲ್ಲೇ ಇದೆ. ಸಂವಿಧಾನದ 23ನೇ ವಿಧಿಯಂತೆ ಆಯಾ ಎಮಿರೇಟಿನ ನೈಸರ್ಗಿಕ ಸಂಪತ್ತು ಆ ಎಮಿರೇಟಿಗೇ ಸೇರಿದ್ದು, ಒಕ್ಕೂಟಕ್ಕಲ್ಲ. ಈ ದೇಶದ ಅಧಿಕಾರದ ತೂಕ ಅರ್ಥವಾಗುವುದು ಇಲ್ಲಿಂದಲೇ.

ಏಳೂ ದೊರೆಗಳ ಸರ್ವೋಚ್ಚ ಮಂಡಳಿಯೇ ಪರಮಾಧಿಕಾರಿ. ಮಹತ್ವದ ತೀರ್ಮಾನಕ್ಕೆ ಐವರ ಒಪ್ಪಿಗೆ ಬೇಕು, ಅವರಲ್ಲಿ ಅಬುಧಾಬಿ ಮತ್ತು ದುಬೈ ದೊರೆಗಳು ಇರಲೇಬೇಕು. ಅಧ್ಯಕ್ಷ ಪದವಿ ಮೊದಲಿನಿಂದಲೂ ಅಬುಧಾಬಿಯದು: ಶೇಖ್ ಝಾಯೆದ್ (1971–2004), ಖಲೀಫಾ (2004–2022), ನಂತರ ಮೊಹಮ್ಮದ್ ಬಿನ್ ಝಾಯೆದ್. ರಾಜಕೀಯ ಪಕ್ಷಗಳಿಲ್ಲ. 40 ಸದಸ್ಯರ ಫೆಡರಲ್ ರಾಷ್ಟ್ರೀಯ ಮಂಡಳಿ ಸಲಹೆ ನೀಡಬಲ್ಲದು. ಅದರ ಅರ್ಧದಷ್ಟು ಸ್ಥಾನಗಳಿಗೆ 2006ರಿಂದ ಸೀಮಿತ ಮತದಾನ ನಡೆಯುತ್ತಿದೆ.

ತೈಲ ಕಡಿಮೆಯಿದ್ದ ದುಬೈ ವ್ಯಾಪಾರವನ್ನು ನೆಚ್ಚಿತು: 1979ರಲ್ಲಿ ಜೆಬೆಲ್ ಅಲಿ ಬಂದರು, 1985ರಲ್ಲಿ ಮುಕ್ತ ವಲಯ, ಅದೇ ವರ್ಷ ಎಮಿರೇಟ್ಸ್ ವಿಮಾನ ಸಂಸ್ಥೆ. ಅಬುಧಾಬಿ 1976ರಲ್ಲಿ ಹೂಡಿಕೆ ಪ್ರಾಧಿಕಾರ ಸ್ಥಾಪಿಸಿ ತೈಲದ ಹಣವನ್ನು ಹೊರದೇಶಗಳಲ್ಲಿ ತೊಡಗಿಸಿತು. ತೆರಿಗೆ ಇಲ್ಲದ ನಾಡೆಂಬ ಹೆಸರಿದ್ದ ಕಡೆ 2018ರಲ್ಲಿ ಶೇ 5ರ ವ್ಯಾಟ್, 2023ರಲ್ಲಿ ಶೇ 9ರ ಕಾರ್ಪೊರೇಟ್ ತೆರಿಗೆ ಬಂದವು. ಈ ಎಲ್ಲ ಏಳಿಗೆಯ ಹಿಂದೆ ಕರ್ನಾಟಕದ ಕರಾವಳಿಯವರೂ ಸೇರಿ ಲಕ್ಷಾಂತರ ಭಾರತೀಯರ ದುಡಿಮೆಯಿದೆ.

2018ರ ಮೇ ತಿಂಗಳಲ್ಲಿ ಅಬುಧಾಬಿ ರಾಷ್ಟ್ರೀಯ ತೈಲ ಕಂಪನಿಯ ಕಚ್ಚಾ ತೈಲ ಮಂಗಳೂರಿಗೆ ಬಂತು. ಬಂಡೆ ಕೊರೆದು ಮಾಡಿದ ಅಲ್ಲಿನ ಸಂಗ್ರಹಾಗಾರದಲ್ಲಿ 15 ಲಕ್ಷ ಟನ್ ತೈಲ ಹಿಡಿಸುತ್ತದೆ. ಕಂಪನಿ ಅಲ್ಲಿ ತನ್ನ ತೈಲವನ್ನು ದಾಸ್ತಾನು ಮಾಡಬಹುದು, ಆದರೆ ತುರ್ತು ಸಂದರ್ಭದಲ್ಲಿ ಅದರ ಮೇಲೆ ಮೊದಲ ಹಕ್ಕು ಭಾರತದ್ದು.