ಫ್ರಂಟ್ ವೀಲ್ ಡ್ರೈವ್ ಕಾರು ರೇಸ್ ಟ್ರ್ಯಾಕ್‌ಗೆ ಲಾಯಕ್ಕಿಲ್ಲವೇ?

ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಹೋಗುವ ಕಾರು ಟ್ರ್ಯಾಕ್‌ನಲ್ಲಿ ಸರಿಯಾಗಿ ತಿರುಗುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ನಿಜ. ಮುಂದಿನ ಟೈರುಗಳೇ ಕಾರನ್ನು ಎಳೆಯಬೇಕು, ತಿರುಗಿಸಲೂ ಬೇಕು. ಎರಡಕ್ಕೂ ಹಿಡಿತ ಸಾಲದಿದ್ದರೆ ಕಾರು ತಿರುವಿನ ಹೊರಗೆ ಜಾರುತ್ತದೆ. ಇದೇ ಅಂಡರ್‌ಸ್ಟಿಯರ್.

ಇದಕ್ಕೆ ಹೋಂಡಾ ಎರಡು ಕಾರುಗಳಲ್ಲಿ ಎರಡು ಬೇರೆ ಮದ್ದು ಕೊಟ್ಟಿತ್ತು. 1997ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಪ್ರಿಲ್ಯೂಡ್ ಟೈಪ್ ಎಸ್‌ಎಚ್ ಮತ್ತು ಇಂಟೆಗ್ರಾ ಟೈಪ್ ಆರ್, ಎರಡಕ್ಕೂ 195 ಅಶ್ವಶಕ್ತಿ. ಪ್ರಿಲ್ಯೂಡ್‌ನ ಎಟಿಟಿಎಸ್ ಎಂಬ ಕಂಪ್ಯೂಟರ್ ನಿಯಂತ್ರಿತ ವ್ಯವಸ್ಥೆ ತಿರುವಿನ ಹೊರಬದಿಯ ಚಕ್ರಕ್ಕೆ ಶೇ. 80ರವರೆಗೆ ಬಲ ಕಳಿಸುತ್ತಿತ್ತು. ದೋಣಿಯ ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ಅದು ಇನ್ನೊಂದು ಬದಿಗೆ ತಿರುಗುತ್ತದಲ್ಲ, ಹಾಗೆ. ಜಾಣ ಉಪಾಯವೇ, ಆದರೆ ಕಾರಿನ ತೂಕ ಸುಮಾರು 1,380 ಕೆ.ಜಿ.

ಟೈಪ್ ಆರ್ ಸುಮಾರು 1,200 ಕೆ.ಜಿ. ಅಷ್ಟೇ. ಅದರ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನಲ್ಲಿ ಇರುವುದು ಬರೀ ಗೇರುಗಳು. ಒಳಚಕ್ರ ಹಿಡಿತ ಬಿಟ್ಟು ಸುತ್ತತೊಡಗಿದರೆ ಹೆಚ್ಚು ಬಲ ಹೊರಚಕ್ರಕ್ಕೆ ಹೋಗುತ್ತದೆ. ಹಿಂದಿನ ಸಸ್ಪೆನ್ಷನ್ ಬಿಗಿಯಾಗಿರುವುದರಿಂದ ಹಿಂಭಾಗವೂ ತಿರುವಿಗೆ ಸಹಕರಿಸುತ್ತದೆ. ಟ್ರ್ಯಾಕ್‌ಗಾದರೆ ನನ್ನ ಓಟು ಇದಕ್ಕೇ: ತೂಕ ಕಡಿಮೆಯಾದಷ್ಟೂ ಟೈರು, ಬ್ರೇಕುಗಳು ಹೆಚ್ಚು ಸುತ್ತು ತಾಳುತ್ತವೆ.

ಆದರೆ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ತಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಇದರ ಹಿಂಭಾಗವೇ ಹೊರಕ್ಕೆ ತಿರುಗಬಹುದು.

ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳೂ ಫ್ರಂಟ್ ವೀಲ್ ಡ್ರೈವ್. ಮಳೆಯಲ್ಲಿ ಕಾರು ತಿರುವಿನ ಹೊರಗೆ ಎಳೆದರೆ ಸ್ಟಿಯರಿಂಗ್ ಇನ್ನಷ್ಟು ತಿರುಗಿಸಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ, ಮುಂದಿನ ಟೈರುಗಳಿಗೆ ಹಿಡಿತ ಮರಳಲು ಬಿಡಿ.